ಅಜ್ಜಿಯ ಮಂಡಿ, ಮೊಮ್ಮಗಳ ಹುಲಿ ಮತ್ತು ನನ್ನ ಲಂಡನ್ ಲೆಕ್ಕ

ಇದೆಲ್ಲ ಶುರುವಾದದ್ದು ಶ್ರೀರಂಗಪಟ್ಟಣದಲ್ಲಿ. ದಸರಾ ರಜೆಗೆ ಮೈಸೂರಿಗೆ ಬಂದಿದ್ದ ಮೊಮ್ಮಗಳನ್ನು ದರಿಯಾ ದೌಲತ್‌ಗೆ ಕರೆದುಕೊಂಡು ಹೋಗಿದ್ದೆ. ಗೋಡೆಯ ಮೇಲಿನ ಯುದ್ಧದ ಚಿತ್ರಗಳನ್ನು ತೋರಿಸುತ್ತಾ, ಟಿಪ್ಪುವಿನ ಮರದ ಹುಲಿಯ ಕಥೆ ಹೇಳಿದೆ. ಮನುಷ್ಯನೊಬ್ಬನನ್ನು ಕೆಡವಿ ಕುತ್ತಿಗೆಗೆ ಬಾಯಿ ಹಾಕಿರುವ ಹುಲಿ ಅದು. ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಕೆಳಗೆ ಬಿದ್ದವನು ನರಳುತ್ತಾನೆ. ಹುಲಿಯ ಹೊಟ್ಟೆಯೊಳಗೆ ಬೆರಳಿಟ್ಟು ನುಡಿಸುವ ಒಂದು ವಾದ್ಯವೂ ಇದೆ.

"ಎಲ್ಲಿದೆ ತಾತ? ಯಾವ ರೂಮಲ್ಲಿ?"

"ಇಲ್ಲಿಲ್ಲ ಮಗು. 1799ರಲ್ಲಿ ಕೋಟೆ ಬಿದ್ದ ಮೇಲೆ ಇಂಗ್ಲಿಷರು ಒಯ್ದರು. ಈಗ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿದೆ."

"ಹಾಗಾದ್ರೆ ಅಲ್ಲಿಗೇ ಹೋಗೋಣ" ಎಂದಳು, ಚಾಮುಂಡಿ ಬೆಟ್ಟಕ್ಕೆ ಹೋಗೋಣ ಎನ್ನುವಂತೆ. ಅವಳಿಗೆ ಆಗ ಹತ್ತು ವರ್ಷ.

ನನಗೆ ಎಪ್ಪತ್ತು ದಾಟಿತ್ತು. ನಮ್ಮಾಕೆಗೆ ಅರವತ್ತೆಂಟು, ಸಕ್ಕರೆ ಕಾಯಿಲೆ, ಎರಡೂ ಮಂಡಿ ನೋವು. ಮಂಡಿಗೆ ಆಪರೇಷನ್ ಮಾಡಿಸಬೇಕೆಂದು ಡಾಕ್ಟರು ಹೇಳಿಯೂ ಒಂದು ವರ್ಷವಾಗಿತ್ತು. ಮಗ ಸೊಸೆಗೆ ರಜೆ ಇಲ್ಲ. ಲಂಡನ್ನಿನಲ್ಲಿ ನೆಂಟರಿಲ್ಲ, ಇಷ್ಟರಿಲ್ಲ. ಆದರೂ ಅಂದು ರಾತ್ರಿ ಹಳೆಯ ಲೆಡ್ಜರ್ ಪುಸ್ತಕವೊಂದನ್ನು ತೆಗೆದು ಮೊದಲ ಪುಟದಲ್ಲಿ 'ಲಂಡನ್' ಎಂದು ಬರೆದೆ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದವನಿಗೆ ಯಾವ ಕನಸಾದರೂ ಎರಡು ಕಾಲಮ್ಮಿನಲ್ಲಿ ಬರೆದರೇ ಸಮಾಧಾನ.

ಮೂವರೂ ಒಂದೊಂದು ಆಸೆ ಬರೆಯಬೇಕೆಂದು ತೀರ್ಮಾನವಾಯಿತು. ಮೊಮ್ಮಗಳದು ಗೊತ್ತೇ ಇದೆ, ಹುಲಿ. ನಾನು ಬ್ಯಾಂಕ್ ಆಫ್ ಇಂಗ್ಲೆಂಡ್ ಎಂದು ಬರೆದೆ. 1694ರಲ್ಲಿ ಆರಂಭವಾದ ಆ ಬ್ಯಾಂಕಿನ ಬಗ್ಗೆ ಬಿ.ಕಾಂ. ಪರೀಕ್ಷೆಗೆ ಉರು ಹೊಡೆದವನು ನಾನು, ಅದರ ಬಾಗಿಲನ್ನಾದರೂ ನೋಡಬೇಕಲ್ಲ! ನಮ್ಮಾಕೆ ಬಹಳ ಹೊತ್ತು ಯೋಚಿಸಿ, "ಥೇಮ್ಸ್ ನದಿ ದಡದಲ್ಲಿ ಬಸವಣ್ಣನವರ ಪ್ರತಿಮೆ ಇದೆಯಂತಲ್ಲ, ಅದು" ಎಂದಳು.

ಆಮೇಲೆ ಆದದ್ದನ್ನು ಹೇಳಲು ಈಗಲೂ ನಾಚಿಕೆ. ಆದರೆ ನಿಮಗೆ ಉಪಯೋಗಕ್ಕೆ ಬರುವ ಸಂಗತಿ ಅದೇ, ಆದ್ದರಿಂದ ಹೇಳುತ್ತೇನೆ.

ವೀಸಾಕ್ಕೆ ಅರ್ಜಿ ಹಾಕುವಾಗ ಖಾತೆಯಲ್ಲಿ ಸಾಕಷ್ಟು ಹಣ ಕಾಣಬೇಕೆಂದು ಎಲ್ಲರೂ ಹೇಳಿದ್ದರು. ನಾನೋ ಬಹಳ ಬುದ್ಧಿವಂತ. ಅರ್ಜಿಗೆ ಎರಡು ವಾರ ಮೊದಲು ಎರಡು ಫಿಕ್ಸೆಡ್ ಡಿಪಾಸಿಟ್ ಮುರಿಸಿ, ಅಷ್ಟೂ ಹಣವನ್ನು ಪೆನ್ಷನ್ ಬರುವ ಉಳಿತಾಯ ಖಾತೆಗೆ ಹಾಕಿಸಿದೆ. ಪಾಸ್‌ಬುಕ್ ತುಂಬಿ ತುಳುಕಿತು. ಮೂರು ವಾರದ ಮೇಲೆ ಪತ್ರ ಬಂತು. ಮೂವರಿಗೂ ವೀಸಾ ಇಲ್ಲ. ತಿಂಗಳು ತಿಂಗಳು ಬರುವ ವರಮಾನಕ್ಕೆ ಹೊಂದದಷ್ಟು ದೊಡ್ಡ ಮೊತ್ತ ಇದ್ದಕ್ಕಿದ್ದಂತೆ ಖಾತೆಗೆ ಬಂದಿದೆ, ಅದು ಎಲ್ಲಿಂದ ಬಂತೆಂದು ತಿಳಿಯುತ್ತಿಲ್ಲ ಎಂಬುದು ಅದರ ಸಾರಾಂಶ.

ಪತ್ರ ಓದಿ ಸುಮ್ಮನೆ ಕುಳಿತೆ. ಕೌಂಟರಿನ ಹಿಂದೆ ಕುಳಿತಿದ್ದಾಗ ಯಾರದಾದರೂ ಖಾತೆಗೆ ಹೀಗೆ ದಿಢೀರನೆ ಹಣ ಬಂದರೆ ನಾನೇ ಕನ್ನಡಕ ಏರಿಸಿ ನೋಡುತ್ತಿರಲಿಲ್ಲವೇ? ಎಫ್‌ಡಿ ಮುರಿದ ರಸೀದಿ ನನ್ನ ಬೀರುವಿನಲ್ಲೇ ಇತ್ತು. ಅರ್ಜಿಯ ಜೊತೆ ಲಗತ್ತಿಸಿರಲಿಲ್ಲ, ಅಷ್ಟೇ. ಅವರ ತಪ್ಪು ಏನೂ ಇಲ್ಲ. ಮೂರು ಜನರ ಶುಲ್ಕ ಹೋಯಿತು, ಅದು ವಾಪಸ್ ಬರುವುದಿಲ್ಲ. ವಿಮಾನದ ಟಿಕೆಟ್ ತೆಗೆದಿರಲಿಲ್ಲ ಎಂಬುದೊಂದೇ ಪುಣ್ಯ. ವೀಸಾ ಕೈಗೆ ಬರುವ ಮುಂಚೆ ಟಿಕೆಟ್ಟಿಗೆ ದುಡ್ಡು ಸುರಿಯಬೇಡಿ.

"ಬಿಡಿ, ಈ ಮಂಡಿ ಇಟ್ಟುಕೊಂಡು ನಾನು ಎಲ್ಲಿಗೆ ಹೋಗಲಿ? ದೇವರೇ ಬೇಡ ಅಂದ ಅಂದುಕೊಳ್ಳೋಣ" ಎಂದಳು ನಮ್ಮಾಕೆ. ಮೊಮ್ಮಗಳು ಫೋನಿನಲ್ಲಿ ಏನೂ ಹೇಳಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಎರಡನೇ ಸಲ ಅರ್ಜಿ ಹಾಕಲು ಅಡ್ಡಿಯಿಲ್ಲ. ಆದರೆ ಹಿಂದೆ ನಿರಾಕರಣೆಯಾಗಿದೆ ಎಂಬುದನ್ನು ಮುಚ್ಚಿಡದೆ ಬರೆಯಬೇಕು, ನಿರಾಕರಿಸಿದ ಕಾರಣಕ್ಕೆ ಉತ್ತರ ಕೊಡಬೇಕು. ಈ ಸಲ ಹಳೆಯ ಗುಮಾಸ್ತೆಯ ಹಾಗೆ ಕೆಲಸ ಮಾಡಿದೆ. ಎಫ್‌ಡಿ ರಸೀದಿಗಳು, ಅವು ಯಾವ ತಾರೀಖಿನಲ್ಲಿ ಯಾವ ಖಾತೆಗೆ ಬಂದವೆಂಬ ಬ್ಯಾಂಕಿನ ಪತ್ರ, ಆರು ತಿಂಗಳ ಸ್ಟೇಟ್‌ಮೆಂಟ್, ಪೆನ್ಷನ್ ಆದೇಶ, ಮನೆಯ ಕಂದಾಯದ ರಸೀದಿ. ಎಂಟು ದಿನ ಎಲ್ಲೆಲ್ಲಿಗೆ ಹೋಗುತ್ತೇವೆ, ದಿನಕ್ಕೆ ಎಷ್ಟು ಖರ್ಚು ಎಂಬ ಒಂದು ಪುಟ. ಮೊಮ್ಮಗಳ ವಿಷಯ ಇನ್ನೂ ಸೂಕ್ಷ್ಮ. ತಂದೆತಾಯಿ ಜೊತೆಯಲ್ಲಿ ಬರದಿದ್ದರೆ, ಮಗುವನ್ನು ಅಜ್ಜ ಅಜ್ಜಿಯ ಜೊತೆ ಕಳಿಸಲು ಒಪ್ಪಿಗೆ ಇದೆಯೆಂದು ಇಬ್ಬರೂ ಸಹಿ ಮಾಡಿದ ಪತ್ರ ಬೇಕು, ಜೊತೆಗೆ ಮಗುವಿನ ಜನನ ಪ್ರಮಾಣಪತ್ರ. ಆ ಪತ್ರದ ಒಂದು ಪ್ರತಿಯನ್ನು ಪ್ರಯಾಣದುದ್ದಕ್ಕೂ ಕೈಚೀಲದಲ್ಲೇ ಇಟ್ಟುಕೊಂಡಿದ್ದೆ. ಹೀಥ್ರೂ ವಿಮಾನ ನಿಲ್ದಾಣದ ಅಧಿಕಾರಿ ಅದನ್ನು ಕೇಳಿ ಓದಿದ ಮೇಲೆ, ಮೊಮ್ಮಗಳ ಕಡೆ ತಿರುಗಿ "ಇವರು ಯಾರು?" ಎಂದು ಕೇಳಿದರು. "ಮೈ ತಾತ" ಎಂದಳು ಹುಡುಗಿ, ಇಂಗ್ಲಿಷು ಕನ್ನಡ ಬೆರೆಸಿ. ಅವರಿಗೆ ಅರ್ಥವಾಯಿತೆಂದೇ ಕಾಣುತ್ತದೆ.

ಈ ಸಲ ವೀಸಾ ಬಂತು. ಆದರೆ ಮಂಡಿ?

ಲಂಡನ್ನಿನ ನೆಲದಡಿಯ ರೈಲು 1863ರಲ್ಲಿ ಶುರುವಾದದ್ದು, ಪ್ರಪಂಚದಲ್ಲೇ ಮೊದಲನೆಯದು. ಹಳೆಯದಾದ್ದರಿಂದಲೇ ಎಷ್ಟೋ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ, ಮೆಟ್ಟಿಲುಗಳೋ ಮೆಟ್ಟಿಲುಗಳು. ಇದು ಗೊತ್ತಾದ ದಿನ ಲೆಡ್ಜರಿನಲ್ಲಿ ಬರೆದ ಕಾರ್ಯಕ್ರಮವನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದುಹಾಕಿದೆ. ನೋಡುವ ಜಾಗಗಳನ್ನು ಮೊದಲು ಪಟ್ಟಿ ಮಾಡಿ ಆಮೇಲೆ ಹೋಗುವ ದಾರಿ ಹುಡುಕುವುದು ಎಲ್ಲರ ಪದ್ಧತಿ. ನಾನು ತಿರುಗಾಮುರುಗಾ ಮಾಡಿದೆ. ನಮ್ಮಾಕೆ ಒಂದೇ ಸಮನೆ ಎಷ್ಟು ಹೊತ್ತು ನಡೆಯಬಲ್ಲಳು? ಅದನ್ನು ಮೊದಲು ತಿಳಿಯಬೇಕು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮೂರು ತಿಂಗಳು ಗಡಿಯಾರ ಹಿಡಿದು ನಡೆದೆವು. ಮೊದಲ ವಾರ ಏಳು ನಿಮಿಷ, ಕೊನೆಯ ವಾರ ಹದಿನೈದು. ಸರಿ, ನಮ್ಮ ಲಂಡನ್ ಹದಿನೈದು ನಿಮಿಷದ ಲಂಡನ್. ಹದಿನೈದು ನಿಮಿಷಕ್ಕೆ ಒಂದು ಬೆಂಚು, ದಿನಕ್ಕೆ ಒಂದೇ ದೊಡ್ಡ ಜಾಗ, ಮಧ್ಯಾಹ್ನ ವಿಶ್ರಾಂತಿ.

ನನ್ನ ವಯಸ್ಸಿನವರು ಈ ಎರಡು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ. ಮೆಟ್ಟಿಲಿಲ್ಲದೆ ಹೋಗಬಹುದಾದ ನಿಲ್ದಾಣಗಳನ್ನು ತೋರಿಸುವ ರೈಲಿನ ನಕ್ಷೆಯೇ ಬೇರೆ ಇದೆ, ಅದನ್ನು ಹೊರಡುವ ಮುಂಚೆಯೇ ತೆಗೆದುಕೊಳ್ಳಿ. ಇನ್ನೊಂದು, 2022ರಲ್ಲಿ ಶುರುವಾದ ಎಲಿಜಬೆತ್ ಲೈನ್. ಅದರ ಎಲ್ಲ ನಿಲ್ದಾಣಗಳಲ್ಲೂ ರಸ್ತೆಯಿಂದ ಪ್ಲಾಟ್‌ಫಾರ್ಮಿನವರೆಗೆ ಒಂದೂ ಮೆಟ್ಟಿಲು ಹತ್ತದೆ ಹೋಗಬಹುದು. ವಿಮಾನ ನಿಲ್ದಾಣದಿಂದ ಹೊರಟು ಊರನ್ನು ಪಶ್ಚಿಮದಿಂದ ಪೂರ್ವಕ್ಕೆ ಹಾದುಹೋಗುತ್ತದೆ. ಆ ಲೈನಿನ ಮೇಲೇ ಇರುವ ಸೌತಾಲ್‌ನಲ್ಲಿ, ಅಡುಗೆಮನೆ ಇರುವ ಸಣ್ಣ ಮನೆಯೊಂದನ್ನು ಎಂಟು ದಿನಕ್ಕೆ ಬಾಡಿಗೆಗೆ ಹಿಡಿದೆ. ಊರ ಮಧ್ಯಕ್ಕಿಂತ ಬಾಡಿಗೆ ಕಡಿಮೆ, ಬೇಳೆ, ಅಕ್ಕಿ, ಕೊತ್ತಂಬರಿ ಸೊಪ್ಪು ಎಲ್ಲವೂ ಬೀದಿಯಲ್ಲೇ ಸಿಗುತ್ತದೆ.

ಇದನ್ನೆಲ್ಲ ಒಪ್ಪಿದ ನಮ್ಮಾಕೆ ಒಂದು ವಿಷಯಕ್ಕೆ ಮಾತ್ರ ಜಗಳವಾಡಿದಳು. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ಬೇಕೆಂದು ಟಿಕೆಟ್ ತೆಗೆಯುವಾಗಲೇ ಹೇಳಿಬಿಟ್ಟಿದ್ದೆ. "ರೀ, ನಾನೇನು ನಡೆಯಲಾರದವಳೇ? ಮೊಮ್ಮಗಳ ಮುಂದೆ ಆ ಕುರ್ಚಿಯಲ್ಲಿ ಕೂರಲೇ?" ಎರಡು ದಿನ ಮಾತಿಲ್ಲ. ಬೆಂಗಳೂರಿನಲ್ಲಿ ಕುರ್ಚಿ ಬಂದಾಗಲೂ ನಿಂತೇ ಇದ್ದಳು. ಮೊಮ್ಮಗಳು ಮುಂದೆ ಬಂದು, "ಅಜ್ಜಿ, ನೀವು ಕೂತ್ರೆ ನನ್ನ ಬ್ಯಾಗು ನಿಮ್ಮ ತೊಡೆ ಮೇಲಿಡಬಹುದು" ಎಂದಳು. ಅಜ್ಜಿ ಕೂತಳು. ಹತ್ತು ಗಂಟೆಯ ಹಾರಾಟದ ನಂತರ ಹೀಥ್ರೂವಿನ ಆ ಉದ್ದುದ್ದ ಓಣಿಗಳನ್ನು ಕಂಡ ಮೇಲೆ ಕುರ್ಚಿಯ ಬಗ್ಗೆ ಮತ್ತೆ ಮಾತೆತ್ತಲಿಲ್ಲ.

ದುಡ್ಡಿನ ವಿಷಯದಲ್ಲಿ ನನ್ನ ಮಾತಿಗೆ ಸ್ವಲ್ಪ ಬೆಲೆ ಕೊಡಬಹುದು ಎಂದುಕೊಳ್ಳುತ್ತೇನೆ. ನಮ್ಮ ಬ್ಯಾಂಕ್ ಕಾರ್ಡುಗಳು ಸಾಮಾನ್ಯವಾಗಿ ದೇಶದೊಳಗೆ ಮಾತ್ರ ನಡೆಯುವಂತಿರುತ್ತವೆ. ಹೊರದೇಶದ ಬಳಕೆಯನ್ನೂ, ಮುಟ್ಟಿಸಿ ಹಣ ಕೊಡುವ ಸೌಲಭ್ಯವನ್ನೂ ನಾವೇ ಕೇಳಿ ತೆರೆಸಿಕೊಳ್ಳಬೇಕು. ಅಲ್ಲಿನ ಸಿಟಿ ಬಸ್ಸಿನಲ್ಲಿ ನೋಟು, ಚಿಲ್ಲರೆ ತೆಗೆದುಕೊಳ್ಳುವುದೇ ಇಲ್ಲ. ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಿ ಹತ್ತಬೇಕು, ಒಬ್ಬೊಬ್ಬ ದೊಡ್ಡವರಿಗೂ ಒಂದೊಂದು ಕಾರ್ಡು. ಹನ್ನೊಂದು ತುಂಬದ ಮಕ್ಕಳಿಗೆ ಬಸ್ಸು, ನೆಲದಡಿ ರೈಲು ಎಲ್ಲ ಉಚಿತ, ದೊಡ್ಡವರ ಜೊತೆಯಲ್ಲಿದ್ದರೆ ಸಾಕು. ಹಿರಿಯ ನಾಗರಿಕರ ಉಚಿತ ಪಾಸು ಅಲ್ಲಿಯೂ ಇದೆ, ಆದರೆ ಅದು ಆ ಊರಿನ ನಿವಾಸಿಗಳಿಗೆ, ನಿಮಗೆ ನನಗೆ ಅಲ್ಲ. ಅಂಗಡಿಯ ಯಂತ್ರ "ರೂಪಾಯಿಯಲ್ಲಿ ಕಡಿಯಲೋ, ಪೌಂಡಿನಲ್ಲೋ" ಎಂದು ಕೇಳಿದರೆ ಪೌಂಡ್ ಎನ್ನಿ. ರೂಪಾಯಿ ಎಂದರೆ ನಮ್ಮ ಕಣ್ಣಿಗೆ ಹಿತ. ಆದರೆ ಆ ಲೆಕ್ಕವನ್ನು ಅವರ ದರದಲ್ಲಿ ಹಾಕುತ್ತಾರೆ, ಸಾಮಾನ್ಯವಾಗಿ ನಮಗೇ ನಷ್ಟ.

ವಿಮೆ ಮಾಡಿಸುವಾಗ ಸಕ್ಕರೆ, ರಕ್ತದೊತ್ತಡ ಯಾವುದನ್ನೂ ಮುಚ್ಚಿಡಬೇಡಿ. ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಪ್ರವಾಸಿಗಳು ಹಣ ತೆರಬೇಕು, ಅದು ಬಹಳ ದೊಡ್ಡ ಹಣ. ಮಾತ್ರೆಗಳು ಡಾಕ್ಟರ ಚೀಟಿಯ ಜೊತೆ ಕೈಚೀಲದಲ್ಲಿರಲಿ. ಹಾಲು, ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ, ಹಾಗಾಗಿ ತುಪ್ಪದ ಡಬ್ಬಿ ಮನೆಯಲ್ಲೇ ಉಳಿಯಿತು, ಚಟ್ನಿಪುಡಿ ಬಂತು. ಮಕ್ಕಳೇ, ಒಂದು ಮಾತು: ನಮ್ಮಲ್ಲಿ ಸಸ್ಯಾಹಾರದ ಪೊಟ್ಟಣಕ್ಕೆ ಹಸಿರು ಚುಕ್ಕಿ ಇರುತ್ತದಲ್ಲ, ಅಲ್ಲಿ ಅದನ್ನು ಹುಡುಕಬೇಡಿ. ಜೆಲ್ಲಿಯಂಥ ಮಿಠಾಯಿಗಳಲ್ಲಿ ಪ್ರಾಣಿಗಳಿಂದ ತೆಗೆದ ಜೆಲಾಟಿನ್ ಇರುವುದುಂಟು. ಸಸ್ಯಾಹಾರಿಗಳಾದರೆ ಪೊಟ್ಟಣದ ಸಣ್ಣ ಅಕ್ಷರಗಳನ್ನು ಓದಿಯೇ ಬಾಯಿಗೆ ಹಾಕಿಕೊಳ್ಳಿ. ನಮ್ಮ ಮನೆಯಲ್ಲಿ ಆ ಕೆಲಸ ಮೊಮ್ಮಗಳದು, ಅವಳ ಕಣ್ಣೇ ಚುರುಕು.

ಮೇ ತಿಂಗಳ ನಡುವೆ ಹೋದೆವು. ಇಲ್ಲಿ ಸೆಖೆ, ಅಲ್ಲಿ ಸ್ವೆಟರ್. ಮೊದಲ ಸಂಜೆ ಏಳು ಗಂಟೆಗೆ ಬಿಸಿಲು ಇನ್ನೂ ಚೆನ್ನಾಗಿಯೇ ಇತ್ತು. ಮೊಮ್ಮಗಳು ಖುಷಿಯಿಂದ ಅಮ್ಮನಿಗೆ ಫೋನ್ ಮಾಡಿದಳು. ಬೆಂಗಳೂರಿನಲ್ಲಿ ಆಗ ರಾತ್ರಿ ಹನ್ನೊಂದೂವರೆ. ಏನಾಯಿತೋ ಎಂದು ಮಗ ಸೊಸೆ ಇಬ್ಬರೂ ಗಾಬರಿಯಿಂದ ಎದ್ದು ಕುಳಿತರಂತೆ. ಮಾರನೆಯ ದಿನ ಅವಳಿಂದಲೇ ಲೆಕ್ಕ ಮಾಡಿಸಿದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಲಂಡನ್ನಿನ ಗ್ರೀನಿಚ್ ಸೊನ್ನೆ ಡಿಗ್ರಿ, ನಮ್ಮ ಭಾರತದ ಸಮಯ ಪೂರ್ವಕ್ಕೆ 82.5 ಡಿಗ್ರಿಯದು. ಭಾಗಿಸಿದರೆ ಐದೂವರೆ ಗಂಟೆ. "ಆದ್ರೆ ನಿನ್ನೆ ನಾಲ್ಕೂವರೆ ಇತ್ತಲ್ಲ ತಾತ?" ಹೌದು, ಬೇಸಿಗೆಯಲ್ಲಿ ಅವರು ಗಡಿಯಾರವನ್ನೇ ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುತ್ತಾರೆ. "ಇಡೀ ಊರೇ ಸೇರಿ ಸುಳ್ಳು ಟೈಮ್ ಹೇಳೋದಾ!" ಎಂದು ನಕ್ಕಳು.

ಸೌತಾಲ್ ರೈಲು ನಿಲ್ದಾಣದ ಬೋರ್ಡಿನಲ್ಲಿ ಊರಿನ ಹೆಸರು ಇಂಗ್ಲಿಷಿನ ಜೊತೆ ಗುರುಮುಖಿ ಲಿಪಿಯಲ್ಲೂ ಇದೆ. ಪಂಜಾಬಿನಿಂದ ಹೋದವರು ನೆಲೆ ನಿಂತ ಬಡಾವಣೆ ಅದು. ಮೊಮ್ಮಗಳು ತನ್ನ ನೋಟ್‌ಬುಕ್ಕಿನಲ್ಲಿ ಆ ಅಕ್ಷರಗಳನ್ನು ನೋಡಿ ನೋಡಿ ಬರೆದುಕೊಂಡಳು. ಅದೇ ರೈಲಿನಲ್ಲಿ, ಇಳಿದು ಹತ್ತದೆ, ಊರಿನ ಪೂರ್ವಕ್ಕೆ ಹೋಗಿ ವೈಟ್‌ಚಾಪೆಲ್‌ನಲ್ಲಿ ಇಳಿದೆವು. ಅಲ್ಲಿನ ನಿಲ್ದಾಣದ ಹೆಸರು ಬಂಗಾಳಿಯಲ್ಲಿದೆ. ಅದನ್ನೂ ಬರೆದುಕೊಂಡಳು. ಒಂದೇ ರೈಲು, ಈ ತುದಿಯಲ್ಲಿ ಪಂಜಾಬಿ, ಆ ತುದಿಯಲ್ಲಿ ಬಂಗಾಳಿ, ನಡುವೆ ಡಬ್ಬಿಯೊಳಗೆ ಯಾವ್ಯಾವ ದೇಶದ ಮಾತೋ! ನಮ್ಮಾಕೆ ಪಕ್ಕದಲ್ಲಿ ಕುಳಿತ ಆಫ್ರಿಕಾದ ಅಜ್ಜಿಯೊಬ್ಬರ ಜೊತೆ ಮಂಡಿ ಮುಟ್ಟಿ ತೋರಿಸಿಕೊಂಡು ನಾಲ್ಕು ನಿಲ್ದಾಣದಷ್ಟು ಹೊತ್ತು ಮಾತಾಡಿದಳು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಇಳಿಯುವಾಗ ಆಕೆ ಇವಳ ಕೆನ್ನೆ ತಟ್ಟಿ ಹೋದರು.

ವೈಟ್‌ಚಾಪೆಲ್‌ನಿಂದ ಸ್ವಲ್ಪ ದೂರದಲ್ಲಿ ಬ್ರಿಕ್ ಲೇನ್ ಎಂಬ ಬೀದಿ. ಅಲ್ಲೊಂದು ಹಳೆಯ ಇಟ್ಟಿಗೆ ಕಟ್ಟಡವಿದೆ, ಎರಡು ಬೆಂಚುಗಳ ದೂರ. ಫ್ರಾನ್ಸಿನಲ್ಲಿ ಧರ್ಮದ ಕಾರಣಕ್ಕೆ ಹಿಂಸೆ ತಾಳಲಾರದೆ ಓಡಿಬಂದ ಪ್ರಾಟೆಸ್ಟಂಟರು 1743ರಲ್ಲಿ ಕಟ್ಟಿದ ಚರ್ಚು ಅದು. ಆಮೇಲೆ ಮೆಥಡಿಸ್ಟರ ಪ್ರಾರ್ಥನಾ ಮಂದಿರವಾಯಿತು. ಪೂರ್ವ ಯೂರೋಪಿನಿಂದ ಯೆಹೂದಿಗಳು ಬಂದ ಮೇಲೆ, 1898ರಲ್ಲಿ, ಯೆಹೂದಿಗಳ ಸಿನಗಾಗ್ ಆಯಿತು. ಬಂಗಾಳಿಗಳು ಬಂದು ನೆಲೆಸಿದ ಮೇಲೆ 1976ರಿಂದ ಮಸೀದಿ. ಗೋಡೆ ಅದೇ, ಮಾಡು ಅದೇ, ಒಳಗೆ ಬಂದವರು ಬೇರೆ ಬೇರೆ. ಅರಮನೆಯ ಮುಂದೆ ಜನಜಂಗುಳಿಯಲ್ಲಿ ನಿಂತು ಕಾವಲುಗಾರರನ್ನು ನೋಡುವುದಕ್ಕಿಂತ ಆ ಗೋಡೆಯ ಮುಂದೆ ಐದು ನಿಮಿಷ ನಿಲ್ಲುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಮೊಮ್ಮಗಳು ಇದನ್ನು ಒಪ್ಪುವುದಿಲ್ಲ, ಅವಳಿಗೆ ಕಾವಲುಗಾರರ ಕರಡಿ ಟೋಪಿಯೇ ಇಷ್ಟ.

ಇನ್ನು ನನ್ನ ಆಸೆಯ ದಿನ. ಹಳೆಯ ಸಹೋದ್ಯೋಗಿಯೊಬ್ಬರು ಎಂದೋ ಲಂಡನ್ನಿಗೆ ಹೋಗಿ ಬಂದಾಗ ಉಳಿದ 20 ಪೌಂಡಿನ ಕಾಗದದ ನೋಟೊಂದನ್ನು ಹೊರಡುವಾಗ ನನಗೆ ಕೊಟ್ಟಿದ್ದರು. ನೋಟಿನ ಮೇಲೆ ಆಡಂ ಸ್ಮಿತ್ ಚಿತ್ರ. ಅರ್ಥಶಾಸ್ತ್ರದ ಮೊದಲ ಪಾಠದಲ್ಲೇ ಬರುವ ಅದೇ ಆಡಂ ಸ್ಮಿತ್! ಆದರೆ ಆ ಕಾಗದದ ನೋಟುಗಳ ಚಲಾವಣೆ 2022ರ ಸೆಪ್ಟೆಂಬರ್ 30ಕ್ಕೆ ನಿಂತುಹೋಗಿದೆ, ಈಗ ಪ್ಲಾಸ್ಟಿಕ್ಕಿನಂಥ ನೋಟುಗಳು. ಸೌತಾಲ್ ಅಂಗಡಿಯವರು ತಲೆ ಅಲ್ಲಾಡಿಸಿ ವಾಪಸ್ ಕೊಟ್ಟರು. ಬ್ಯಾಂಕ್ ಆಫ್ ಇಂಗ್ಲೆಂಡ್ ಮಾತ್ರ ತನ್ನ ಹಳೆಯ ನೋಟುಗಳನ್ನು ಎಷ್ಟು ವರ್ಷವಾದರೂ ಬದಲಾಯಿಸಿ ಕೊಡುತ್ತದೆ. ಪಾಸ್‌ಪೋರ್ಟ್ ಹಿಡಿದು ಸರದಿಯಲ್ಲಿ ನಿಂತೆ. ಜೀವನವೆಲ್ಲ ಕೌಂಟರಿನ ಒಳಗೆ ಕುಳಿತವನು ಆ ಬ್ಯಾಂಕಿನ ಕೌಂಟರಿನ ಹೊರಗೆ ನಿಂತು ನೋಟು ಬದಲಾಯಿಸಿಕೊಂಡೆ. ಪಕ್ಕದಲ್ಲೇ ಬ್ಯಾಂಕಿನ ಮ್ಯೂಸಿಯಂ, ಪ್ರವೇಶ ಉಚಿತ, ಶನಿವಾರ ಭಾನುವಾರ ಬಾಗಿಲು ಹಾಕಿರುತ್ತದೆ. ಅಲ್ಲಿ ಪಾರದರ್ಶಕ ಪೆಟ್ಟಿಗೆಯೊಳಗೆ ಸುಮಾರು 13 ಕೆ.ಜಿ.ಯ ನಿಜವಾದ ಚಿನ್ನದ ಗಟ್ಟಿ ಇದೆ. ತೂತಿನಲ್ಲಿ ಕೈ ತೂರಿಸಿ ಎತ್ತಿ ನೋಡಬಹುದು. ಮೊಮ್ಮಗಳಿಗೆ ಅಲ್ಲಾಡಿಸಲೂ ಆಗಲಿಲ್ಲ. ನಮ್ಮಾಕೆ ಸ್ವಲ್ಪ ಎತ್ತಿ, "ಇದರಲ್ಲಿ ಎಷ್ಟು ಬಳೆ ಆಗುತ್ತೆ ರೀ?" ಎಂದಳು.

ಬಸವಣ್ಣನವರ ಪ್ರತಿಮೆ ಲ್ಯಾಂಬೆತ್‌ನಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ನದಿ ದಂಡೆಯಲ್ಲಿದೆ. ಕಲಬುರಗಿ ಕಡೆಯಿಂದ ಹೋಗಿ ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪನೆಯಾಗಿ, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ನದಿಯ ಆಚೆ ಪಾರ್ಲಿಮೆಂಟ್ ಕಟ್ಟಡ. ನಮ್ಮಾಕೆ ಅಲ್ಲಿ ಕುಳಿತವಳು ಒಂದು ಗಂಟೆ ಏಳಲಿಲ್ಲ. ಆ ಮಧ್ಯಾಹ್ನಕ್ಕೆ ಬೇರೆ ಏನೋ ಬರೆದಿತ್ತು ಲೆಡ್ಜರಿನಲ್ಲಿ, ಅದನ್ನು ಹೊಡೆದುಹಾಕಿದೆ. ಏನಿತ್ತೆಂದು ಈಗ ನೆನಪೂ ಇಲ್ಲ.

ಹುಲಿಯನ್ನು ಆರನೆಯ ದಿನಕ್ಕೆ ಇಟ್ಟುಕೊಂಡಿದ್ದೆವು. ಅದಿರುವುದು ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ. ಹತ್ತಿರದ ರೈಲು ನಿಲ್ದಾಣದಲ್ಲಿ ಮೆಟ್ಟಿಲುಗಳಿವೆ ಎಂದು ಬಸ್ಸು ಹಿಡಿದೆವು. ಬಸ್ಸುಗಳ ಮೆಟ್ಟಿಲು ತಗ್ಗು, ಮುಂದಿನ ನಿಲ್ದಾಣ ಯಾವುದೆಂದು ಕೂಗಿ ಹೇಳುತ್ತದೆ. ಪ್ರವೇಶ ಇಲ್ಲಿಯೂ ಉಚಿತ. ಇಂಥ ಮ್ಯೂಸಿಯಂಗಳಲ್ಲಿ ಆಗಾಗ ಕೋಣೆಗಳನ್ನು ದುರಸ್ತಿಗೆ ಮುಚ್ಚುತ್ತಾರೆ. ನಿಮಗೆ ಬೇಕಾದ ವಸ್ತು ಆ ಸಮಯದಲ್ಲಿ ಪ್ರದರ್ಶನದಲ್ಲಿದೆಯೇ ಎಂದು ಊರಿನಿಂದ ಹೊರಡುವ ಮುಂಚೆಯೇ ಖಚಿತ ಮಾಡಿಕೊಳ್ಳಿ, ಮಗುವಿನ ಮುಖ ಬಾಡುವುದು ತಪ್ಪುತ್ತದೆ.

ಹುಲಿ ಅಲ್ಲೇ ಇತ್ತು, ಗಾಜಿನ ಪೆಟ್ಟಿಗೆಯೊಳಗೆ. ನಾನು ಅಂದುಕೊಂಡದ್ದಕ್ಕಿಂತ ದೊಡ್ಡದು, ಹಳದಿ ಬಣ್ಣ, ಮೈತುಂಬ ಪಟ್ಟೆ. ಹಿಡಿಕೆ ಕಾಣುತ್ತದೆ, ಆದರೆ ನಾವು ತಿರುಗಿಸುವಂತಿಲ್ಲ. ಆದ್ದರಿಂದ ಗುರುಗುಟ್ಟಲಿಲ್ಲ. ಮೊಮ್ಮಗಳು ಸುತ್ತ ಎರಡು ಸಲ ಬಂದಳು. ಬಿದ್ದ ಸಿಪಾಯಿಯ ಮುಖವನ್ನು ಬಗ್ಗಿ ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದಳು: "ತಾತ, ನಮಗೆ ಇಲ್ಲಿಗೆ ಬರೋಕೆ ಎರಡು ಸಲ ಅರ್ಜಿ ಹಾಕಬೇಕಾಯ್ತು. ಇದನ್ನ ತರೋವಾಗ ಅವರು ಯಾರಿಗೆ ಅರ್ಜಿ ಹಾಕಿದ್ರು?"

ಪಕ್ಕದಲ್ಲಿದ್ದ ಅಜ್ಜಿ ಜೋರಾಗಿ ನಕ್ಕುಬಿಟ್ಟಳು. ಕಾವಲಿನವರು ತಿರುಗಿ ನೋಡಿದರು. ನನ್ನ ಬಳಿ ಉತ್ತರವಿರಲಿಲ್ಲ. "ಯುದ್ಧದಲ್ಲಿ ಗೆದ್ದವರು ಅರ್ಜಿ ಹಾಕುವುದಿಲ್ಲ ಮಗು" ಎಂದೆ. ಅವಳಿಗೆ ಅದು ಸರಿ ಕಾಣಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ನೋಟ್‌ಬುಕ್ ತೆರೆದು ಹುಲಿಯ ಚಿತ್ರ ಬರೆಯುತ್ತಾ ಕುಳಿತಳು. ಅಜ್ಜಿ ಮಂಡಿ ನೀವಿಕೊಳ್ಳುತ್ತಾ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕಾದಳು. ಹದಿನೈದು ನಿಮಿಷದ ಲೆಕ್ಕ ಆ ದಿನ ನಲವತ್ತಾಯಿತು.

ಬಂದ ಮೇಲೆ ಜುಲೈನಲ್ಲಿ ನಮ್ಮಾಕೆಯ ಮಂಡಿ ಆಪರೇಷನ್ ಆಯಿತು, ಮೊದಲು ಬಲಗಾಲಿನದು. ಈಗ ಕುಕ್ಕರಹಳ್ಳಿಯಲ್ಲಿ ಇಪ್ಪತ್ತೈದು ನಿಮಿಷ ನಡೆಯುತ್ತಾಳೆ. ಲೆಡ್ಜರ್ ಕೂಡಿ ನೋಡಿದಾಗ ಬರೆದ ಅಂದಾಜಿಗಿಂತ ಖರ್ಚು ಸ್ವಲ್ಪ ಕಡಿಮೆಯೇ ಆಗಿತ್ತು, ಹೋದ ಮೊದಲ ಅರ್ಜಿಯ ಶುಲ್ಕವನ್ನು ಸೇರಿಸದಿದ್ದರೆ. ಸೇರಿಸಿದರೆ ಹೆಚ್ಚು. ಸೇರಿಸಿಯೇ ಬರೆದಿದ್ದೇನೆ.

ಇನ್ನೊಂದು ಮರೆತಿದ್ದೆ. ಪೌಂಡಿನ ನೋಟು ಉಳಿದರೆ ಇಲ್ಲಿ ಬದಲಾಯಿಸಿಕೊಳ್ಳಬಹುದು, ನಾಣ್ಯಗಳನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಅಲ್ಲಿಯೇ ಖರ್ಚು ಮಾಡಿ ಬನ್ನಿ. ನಾನು ಮಾಡಲಿಲ್ಲ. 2 ಪೌಂಡ್ 35 ಪೆನ್ಸ್ ನನ್ನ ಮೇಜಿನ ಖಾನೆಯಲ್ಲಿದೆ, ಮೊಮ್ಮಗಳು ಬಂದಾಗಲೆಲ್ಲ ಎಣಿಸಿ ನೋಡುತ್ತಾಳೆ.